ಮುರಿದ ಕಡ್ಡಿ ಯಾರ ತಪ್ಪು?

ಸೈಕಲ್ಲಿನ ಕಡ್ಡಿ ಮುರಿದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವವನು ಸವಾರನೇ. ‘ಮೂವರು ಕುಳಿತಿರಬೇಕು, ಮೇವಿನ ಹೊರೆ ಹೇರಿರಬೇಕು’ ಎನ್ನುತ್ತಾರೆ. ಭಾರವೂ ಒಂದು ಕಾರಣವೆಂಬುದು ನಿಜ. ದೊಡ್ಡ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ ಹಾಕುವುದು ಅದಕ್ಕಾಗಿಯೇ. ಆದರೆ ಹೆಚ್ಚಿನ ಅಪರಾಧ ಸಡಿಲ ಬಿಗಿತದ್ದೆಂದು ನನ್ನ ವಾದ. ನೆಲದ ಕಡೆಯ ಕಡ್ಡಿಗಳ ಬಿಗಿ ಪ್ರತಿ ಸುತ್ತಿಗೂ ಇಳಿದು ಏರುತ್ತದೆ. ಮೊದಲೇ ಸಡಿಲವಿದ್ದ ಕಡ್ಡಿ ಅಲುಗಾಡಿ ಅಲುಗಾಡಿ ಹಬ್‌ನ ಬಳಿಯ ಬಾಗಿನಲ್ಲಿ ದಣಿದು ತುಂಡಾಗುತ್ತದೆ.

2006-07ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಶಹಾಪುರ, ಸುರಪುರದ ಹಳ್ಳಿಗಳ ಎಷ್ಟೋ ಹುಡುಗಿಯರಿಗೆ ಹೈಸ್ಕೂಲು ಹತ್ತಿರವಾದದ್ದು ಅದರಿಂದ. (ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನು, ಸೈಕಲ್ಲಿನ ಋಣ ನನಗೂ ಉಂಟು.) ಗಾಲಿ ಡೊಂಕಾಗಿ ಸೈಕಲ್ಲು ಗೋಡೆಗೆ ಒರಗಿದರೆ ಹುಡುಗಿಯ ಓದೂ ಒರಗೀತು.

ಮುರಿದ ಒಂದೇ ಕಡ್ಡಿ ಹಾಕಿಸಿ ಸುಮ್ಮನಾದರೆ ಸಾಲದು. ಎಲ್ಲವನ್ನೂ ಸಮನಾಗಿ ಬಿಗಿಸಿ ರಿಮ್ಮಿನ ಬೆಂಡು ತೆಗೆಸಬೇಕು. ಹೊಸ ಸೈಕಲ್ಲಿಗೂ ಕೆಲವು ವಾರ ಓಡಿದ ಬಳಿಕ ಮಿಸ್ತ್ರಿಯ ಕೈ ಬೀಳಬೇಕು. ಪ್ರತಿ ಹೈಸ್ಕೂಲಿನಲ್ಲೂ ಒಂದು ನಿಪ್ಪಲ್ ಕೀಲಿ ಇಟ್ಟು, ಅದನ್ನು ತಿರುಗಿಸುವ ವಿದ್ಯೆಯನ್ನು ಹುಡುಗಿಯರಿಗೂ ಕಲಿಸಿದರೆ ಯಾವ ಪಾಠವೂ ಹಾಳಾಗದು.