ಕಡಲನ್ನು ಅಳೆಯದೆ ಗಾಳಿಗೆ ಟೆಂಡರ್

ಭಾರತದ ಕಡಲಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಮಾತು ಶುರುವಾಗಿ ಹತ್ತು ವರ್ಷ ದಾಟಿತು. 2015ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ನೀತಿ ಪ್ರಕಟಿಸಿತು. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ ಎಂಟು ವಲಯಗಳನ್ನು ಗುರುತಿಸಲಾಯಿತು. 2022ರ ಹೊತ್ತಿಗೆ 5 ಗಿಗಾವಾಟ್, 2030ಕ್ಕೆ 30 ಗಿಗಾವಾಟ್ ಎಂಬ ಗುರಿಯೂ ಬಂತು. 2024ರ ಜೂನ್‌ನಲ್ಲಿ ಸಚಿವ ಸಂಪುಟ ಎರಡೂ ರಾಜ್ಯಗಳ ಕಡಲಲ್ಲಿ ತಲಾ 500 ಮೆಗಾವಾಟ್ ಸ್ಥಾಪಿಸಲು ಬಂದರು ಅಭಿವೃದ್ಧಿಯೂ ಸೇರಿ 7,453 ಕೋಟಿ ರೂಪಾಯಿಗಳ ನೆರವಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಸರ್ಕಾರಿ ಸ್ವಾಮ್ಯದ ಸೌರಶಕ್ತಿ ನಿಗಮ ತಮಿಳುನಾಡಿನ ಕಡಲಿಗೆ 4 ಗಿಗಾವಾಟ್ ಹಾಗೂ ಗುಜರಾತಿನ ಕಡಲಿಗೆ 500 ಮೆಗಾವಾಟ್ ಟೆಂಡರ್ ಕರೆಯಿತು. 2025ರಲ್ಲಿ ಆ ಟೆಂಡರ್‌ಗಳು ರದ್ದಾದವು. ನಮ್ಮ ಕಡಲಲ್ಲಿ ಇನ್ನೂ ಒಂದು ಗಾಳಿಯಂತ್ರವೂ ನಿಂತಿಲ್ಲ. ಇದನ್ನು ಕೇವಲ ಸೋಲೆಂದು ನೋಡಬೇಕಿಲ್ಲ. ಮಾಡಬೇಕಾದ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಲು ಸಿಕ್ಕಿರುವ ಬಿಡುವು ಇದು. ಟೆಂಡರ್ ಮೊದಲು, ಪರಿಸರದ ವಿಚಾರ ಆಮೇಲೆ ಎಂಬ ಕ್ರಮ ಬದಲಾಗಬೇಕು. ಯಾವ ಜಾಗದಲ್ಲಿ ಯಂತ್ರ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬುದನ್ನು ಸರ್ಕಾರವೇ ಅಧ್ಯಯನ ಮಾಡಿ, ಜನರ ಮುಂದಿಟ್ಟು, ಇತ್ಯರ್ಥ ಮಾಡಿದ ಮೇಲೆ ಕಂಪನಿಗಳನ್ನು ಕರೆಯಬೇಕು.

ಈಗಿರುವ ವ್ಯವಸ್ಥೆಯನ್ನು ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಲ್ಲಿ ಪೂರ್ವಾನುಮತಿ ಬೇಕಾದ ಯೋಜನೆಗಳ ಪಟ್ಟಿಯಿದೆ. ಪವನ ವಿದ್ಯುತ್ ಆ ಪಟ್ಟಿಯಲ್ಲೇ ಇಲ್ಲ. ಕಡಲ ಯೋಜನೆಗಳಿಗೆ ಪರಿಸರ ಸಚಿವಾಲಯದ ಅನುಮತಿ ಬೇಕೆಂದು 2015ರ ನೀತಿ ಹೇಳುತ್ತದೆ, ಕರಾವಳಿ ನಿಯಂತ್ರಣ ವಲಯದ ನಿಯಮಗಳೂ 12 ನಾಟಿಕಲ್ ಮೈಲಿಯವರೆಗಿನ ನೀರಿಗೆ ಅನ್ವಯಿಸುತ್ತವೆ. ಆದರೆ ಅಧ್ಯಯನ ಮಾಡುವವರು ಯಾರು? ಗುಜರಾತಿನ ಖಂಬಾತ್ ಕೊಲ್ಲಿಯ ಒಂದು ವಲಯದಲ್ಲಿ ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ 2017ರಲ್ಲೇ ಲಿಡಾರ್ ಉಪಕರಣ ನಿಲ್ಲಿಸಿ ಗಾಳಿಯನ್ನು ಅಳೆದಿದೆ. ತಮಿಳುನಾಡಿನ 4 ಗಿಗಾವಾಟ್ ಟೆಂಡರ್‌ನ ದಾರಿಯೇ ಬೇರೆ. ಅಲ್ಲಿ ಕಡಲತಳವನ್ನು ತಲಾ ಒಂದು ಗಿಗಾವಾಟ್‌ನ ನಾಲ್ಕು ಭಾಗ ಮಾಡಿ ಗುತ್ತಿಗೆ ಕೊಡುವುದು, ಸಮೀಕ್ಷೆಯನ್ನೆಲ್ಲ ಗುತ್ತಿಗೆ ಪಡೆದ ಕಂಪನಿಯೇ ಮಾಡಿಕೊಳ್ಳುವುದು ಎಂಬ ಏರ್ಪಾಟಿತ್ತು. ಹಾಗಾದಾಗ ಅಕ್ಕಪಕ್ಕದ ನಾಲ್ಕು ತುಂಡು ನೀರಿಗೆ ನಾಲ್ಕು ವರದಿಗಳು ಬರುತ್ತವೆ. ಪ್ರತಿಯೊಂದೂ ತನ್ನ ಯಂತ್ರಗಳಿಂದ ಆಗುವ ಹಾನಿ ಅಲ್ಪವೆಂದು ಹೇಳಬಹುದು, ಪ್ರತಿಯೊಂದೂ ನಿಜವೇ ಆಗಿರಬಹುದು. ನಾಲ್ಕನ್ನೂ ಕೂಡಿಸಿದರೆ ಏನಾಗುತ್ತದೆ ಎಂಬ ಲೆಕ್ಕ ಮಾತ್ರ ಯಾರ ವರದಿಯಲ್ಲೂ ಇರುವುದಿಲ್ಲ.

ಆ ಒಟ್ಟು ಲೆಕ್ಕ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ತಮಿಳುನಾಡಿನ ದಕ್ಷಿಣದ ತುದಿಯಲ್ಲೇ. ದೇಶದ ಅತ್ಯುತ್ತಮ ಕಡಲಗಾಳಿ ಬೀಸುವ ಈ ಪ್ರದೇಶದ ಮಗ್ಗುಲಲ್ಲೇ 21 ದ್ವೀಪಗಳ ಮನ್ನಾರ್ ಕೊಲ್ಲಿ ರಾಷ್ಟ್ರೀಯ ಉದ್ಯಾನವಿದೆ. ಉತ್ತರಕ್ಕೆ ಪಾಕ್ ಕೊಲ್ಲಿಯಲ್ಲಿ ಕಡಲಹಸುಗಳಿಗಾಗಿ 2022ರಲ್ಲಿ ಘೋಷಿಸಿದ 448 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶವಿದೆ. ಕನ್ಯಾಕುಮಾರಿಯ ದಕ್ಷಿಣಕ್ಕೆ ಮೀನಿನ ಸಮೃದ್ಧಿಗೆ ಹೆಸರಾದ ವೆಡ್ಜ್ ಬ್ಯಾಂಕ್ ಇದೆ. ಕೂಡಂಕುಳಂ ಅಣುಸ್ಥಾವರ ಇಲ್ಲೇ ಇದೆ. ಕುಲಶೇಖರಪಟ್ಟಣದಲ್ಲಿ ಇಸ್ರೊದ ಎರಡನೇ ಉಡಾವಣಾ ಕೇಂದ್ರ ಎದ್ದು ನಿಲ್ಲುತ್ತಿದೆ; ಅಲ್ಲಿಂದ ಹಾರುವ ರಾಕೆಟ್‌ಗಳು ದಕ್ಷಿಣದ ಸಮುದ್ರದ ಮೇಲೆಯೇ ಸಾಗಬೇಕು. ಇಷ್ಟೆಲ್ಲ ಹಿತಾಸಕ್ತಿಗಳು ತಳುಕು ಹಾಕಿಕೊಂಡಿರುವ ನೀರನ್ನು ಒಂದು ಕಂಪನಿ ಬಾಡಿಗೆಗೆ ಕರೆಸಿದ ಸಲಹಾ ಸಂಸ್ಥೆ ತೂಗಿ ನೋಡಲು ಸಾಧ್ಯವೇ? ಋತುಮಾನದ ತೊಡಕೂ ಇದೆ. ನಮ್ಮ ಪರಿಸರ ವರದಿಗಳು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿಯಲ್ಲೇ ಕೆಲಸ ಮುಗಿಸುತ್ತವೆ. ಈ ಕಡಲಲ್ಲಿ ಗಾಳಿ ಜೋರಾಗಿರುವುದು ನೈರುತ್ಯ ಮುಂಗಾರಿನಲ್ಲಿ. ಯಂತ್ರ ಅತಿ ಹೆಚ್ಚು ತಿರುಗುವ ತಿಂಗಳುಗಳನ್ನೇ ಬಿಟ್ಟು ಮಾಡಿದ ಅಧ್ಯಯನ ಹಕ್ಕಿಯ ಬಗ್ಗೆಯಾಗಲಿ ಮೀನಿನ ಬಗ್ಗೆಯಾಗಲಿ ಭರವಸೆಯಿಂದ ಏನನ್ನೂ ಹೇಳಲಾರದು.

ಬೇರೆ ದೇಶಗಳು ಈ ಎರಡೂ ದಾರಿಗಳನ್ನು ತುಳಿದು ನೋಡಿವೆ. ನೆದರ್ಲೆಂಡ್ಸ್ 2015ರಲ್ಲಿ ಕಾನೂನು ಬದಲಿಸಿ, ಜಾಗ ಆರಿಸುವುದು, ಕಡಲತಳ ಪರೀಕ್ಷಿಸುವುದು, ಪರಿಸರ ಪರಿಣಾಮ ಅಧ್ಯಯನ ಮಾಡುವುದು ಎಲ್ಲವನ್ನೂ ಸರ್ಕಾರದ ಹೊಣೆಯಾಗಿಸಿತು. ದತ್ತಾಂಶವನ್ನು ಎಲ್ಲ ಕಂಪನಿಗಳಿಗೂ ತೆರೆದಿಟ್ಟಿತು. ವಿದ್ಯುತ್ತನ್ನು ದಡಕ್ಕೆ ತರುವ ತಂತಿಯ ಹೊಣೆಯನ್ನು ಸರ್ಕಾರಿ ಸ್ವಾಮ್ಯದ ಗ್ರಿಡ್ ಕಂಪನಿಗೆ ವಹಿಸಿತು. 2016ರ ಜುಲೈನಲ್ಲಿ ಬೋರ್ಸೆಲೆ ವಲಯದ ಮೊದಲ ಹರಾಜಿನಲ್ಲಿ ಯೂನಿಟ್‌ಗೆ 7.27 ಯೂರೊ ಸೆಂಟ್ ಇದ್ದ ದರ ಅದೇ ಡಿಸೆಂಬರ್‌ನಲ್ಲಿ 5.45ಕ್ಕೆ ಇಳಿಯಿತು. ಇಳಿಕೆಗೆ ಅಗ್ಗದ ಸಾಲ, ದೊಡ್ಡ ಯಂತ್ರಗಳೂ ಕಾರಣವೆಂಬುದು ನಿಜ. ಆದರೆ ನೆಲದಡಿ ಏನಿದೆ, ಅನುಮತಿ ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಇಲ್ಲದಿದ್ದರೆ ಆ ಅನುಮಾನಕ್ಕೆ ಬೆಲೆ ಕಟ್ಟುವ ಅಗತ್ಯ ಬಿಡ್ಡುದಾರನಿಗೆ ಇರುವುದಿಲ್ಲ. ಸ್ವೀಡನ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಯಿತು. ಅಲ್ಲಿ ಕಂಪನಿಗಳೇ ಜಾಗ ಹುಡುಕಿ, ವರ್ಷಗಟ್ಟಲೆ ಸಮೀಕ್ಷೆ ನಡೆಸಿ ಅರ್ಜಿ ಹಾಕಿದವು. 2024ರ ನವೆಂಬರ್‌ನಲ್ಲಿ ಸರ್ಕಾರ ಬಾಲ್ಟಿಕ್ ಸಮುದ್ರದ 13 ಯೋಜನೆಗಳನ್ನು ಒಂದೇ ದಿನ ತಿರಸ್ಕರಿಸಿತು. ಗೋಪುರಗಳು ರಾಡಾರ್‌ಗೆ ಅಡ್ಡಿಯಾಗಿ ಕ್ಷಿಪಣಿಯ ಸುಳಿವು ತಡವಾಗುತ್ತದೆ ಎಂದು ಸೇನೆ ಹೇಳಿತ್ತು. ಆ ಕಾರಣ ಸರಿಯೇ ಇರಬಹುದು. ಆದರೆ ಅದನ್ನು ಹೇಳಬೇಕಾದದ್ದು ಕಂಪನಿಗಳು ಅರ್ಜಿ ಹಾಕುವ ಮೊದಲು. ನಮ್ಮಲ್ಲೂ ರಕ್ಷಣೆ, ಬಾಹ್ಯಾಕಾಶ, ಹಡಗು ಸಾರಿಗೆ ಎಂದು ಹಲವು ಇಲಾಖೆಗಳ ಒಪ್ಪಿಗೆ ಬೇಕು. ಕುಲಶೇಖರಪಟ್ಟಣದ ಪಕ್ಕದ ಕಡಲಿನಲ್ಲಿ ಸ್ವೀಡನ್ನಿನ ಕಥೆ ನಡೆಯುವುದು ಅಸಂಭವವೇನಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ವಿಳಂಬದ್ದು. ಪರಿಸರ ಅಧ್ಯಯನವೆಂದರೆ ಯೋಜನೆಗಳನ್ನು ಮೂಲೆಗೆ ತಳ್ಳುವ ಉಪಾಯ, ಮೊಕದ್ದಮೆ ಹೂಡುವವರಿಗೆ ಅಸ್ತ್ರ ಎಂದು ಉದ್ಯಮದವರು ಹೇಳುತ್ತಾರೆ. ಅಮೆರಿಕದ ಕೇಪ್ ವಿಂಡ್ ಅವರ ನೆಚ್ಚಿನ ಉದಾಹರಣೆ. 2001ರಲ್ಲಿ ಪ್ರಸ್ತಾವವಾದ ಆ ಯೋಜನೆ ಹದಿನಾರು ವರ್ಷ ವಾದವಿವಾದಗಳಲ್ಲಿ ನರಳಿ 2017ರಲ್ಲಿ ನಿಂತುಹೋಯಿತು. ಆದರೆ ಅಲ್ಲಿ ಜಾಗವನ್ನು ಆರಿಸಿದ್ದು ಕಂಪನಿ. ಅಂಥ ಯೋಜನೆಗಳನ್ನು ನೋಡಿಕೊಳ್ಳುವ ಅಧಿಕಾರ ಯಾರದೆಂದು ಕಾನೂನು ಸ್ಪಷ್ಟಪಡಿಸಿದ್ದೇ 2005ರಲ್ಲಿ. ನೆರೆಯ ರೋಡ್ ಐಲೆಂಡ್ ರಾಜ್ಯ ಮೊದಲು ಮೀನುಗಾರರು, ವಿಜ್ಞಾನಿಗಳು, ಸ್ಥಳೀಯ ಬುಡಕಟ್ಟು ಜನರನ್ನು ಕೂರಿಸಿಕೊಂಡು ಇಡೀ ಕಡಲಿನ ಯೋಜನೆಯನ್ನು 2010ರ ಹೊತ್ತಿಗೆ ಸಿದ್ಧಪಡಿಸಿತು. 2016ರ ಕೊನೆಯಲ್ಲಿ ಬ್ಲಾಕ್ ಐಲೆಂಡ್ ಬಳಿ ಅಮೆರಿಕದ ಮೊದಲ ಕಡಲ ಪವನ ಸ್ಥಾವರ ವಿದ್ಯುತ್ ಕೊಡತೊಡಗಿತು. ಐದೇ ಯಂತ್ರಗಳ ಆ ಸ್ಥಾವರ ಚಿಕ್ಕದೇ, ಆದರೆ ಹಿಂದಿನಿಂದ ಹೊರಟು ಮೊದಲು ತಲುಪಿದ್ದು ಅದೇ. ನಮ್ಮ ಹತ್ತು ವರ್ಷಗಳನ್ನು ನುಂಗಿದ್ದೂ ಪರಿಸರ ಅಧ್ಯಯನವಲ್ಲ. ದುಬಾರಿ ದರ, ಭಾರಿ ಯಂತ್ರ ಸಾಗಿಸಲು ಸಜ್ಜಾಗದ ಬಂದರು, ಖರೀದಿದಾರರ ಹಿಂಜರಿಕೆ ಇವುಗಳೇ ಮುಂದೆ ನಿಂತ ತೊಡಕುಗಳು. ಈ ಅವಧಿಯಲ್ಲಿ ಎರಡು ಮಳೆಗಾಲಗಳ ಹಕ್ಕಿ, ಮೀನು, ಕಡಲ ಸಸ್ತನಿಗಳ ಸಮೀಕ್ಷೆಯನ್ನು ಒಂದಲ್ಲ, ನಾಲ್ಕು ಬಾರಿ ಮುಗಿಸಬಹುದಿತ್ತು.

ಎರಡನೆಯ ಆಕ್ಷೇಪ ಹಣದ್ದು. ಖಾಸಗಿಯವರು ಲಾಭ ಮಾಡುವ ಯೋಜನೆಗೆ ಸರ್ಕಾರ ಏಕೆ ಸಮೀಕ್ಷೆ ಮಾಡಿಕೊಡಬೇಕು? ಯೋಜನಾಬದ್ಧ ಯುರೋಪಿನಲ್ಲೂ ಈಚೆಗೆ ಹರಾಜುಗಳು ಸೋಲುತ್ತಿವೆಯಲ್ಲ? 2024ರ ಡಿಸೆಂಬರ್‌ನಲ್ಲಿ ಡೆನ್ಮಾರ್ಕ್‌ನ 3 ಗಿಗಾವಾಟ್ ಹರಾಜಿಗೂ 2025ರ ಆಗಸ್ಟ್‌ನಲ್ಲಿ ಜರ್ಮನಿಯ ಹರಾಜಿಗೂ ಒಂದು ಬಿಡ್ ಕೂಡ ಬರಲಿಲ್ಲವೆಂಬುದು ನಿಜ. ಒಳ್ಳೆಯ ಯೋಜನೆಯಿಂದ ಉಕ್ಕಿನ ಬೆಲೆಯಾಗಲಿ ಬಡ್ಡಿದರವಾಗಲಿ ಇಳಿಯುವುದಿಲ್ಲ. ಆದರೆ ಹರಾಜು ಸೋತಾಗ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳಬೇಕು. ಸರ್ಕಾರವೇ ಅಧ್ಯಯನ ಮಾಡಿದ್ದರೆ ದತ್ತಾಂಶ ಸಾರ್ವಜನಿಕ ಆಸ್ತಿಯಾಗಿ ಉಳಿದು ಮುಂದಿನ ಹರಾಜಿಗೆ, ಮೀನುಗಾರಿಕೆಗೆ, ಚಂಡಮಾರುತದ ಸಂಶೋಧನೆಗೆ ಬರುತ್ತದೆ. ಕಂಪನಿಗೆ ಬಿಟ್ಟಿದ್ದರೆ ಅದು ಗಂಟುಮೂಟೆ ಕಟ್ಟಿದ ದಿನ ದತ್ತಾಂಶವೂ ಜೊತೆಗೇ ಹೋಗುತ್ತದೆ. ಯಂತ್ರಗಳಿಗೆ ಮೆಗಾವಾಟ್‌ಗೆ ಸುಮಾರು 6.85 ಕೋಟಿ ರೂಪಾಯಿ ನೆರವು ಕೊಡಲು ಸಿದ್ಧವಿರುವ ಸರ್ಕಾರಕ್ಕೆ ಸಮೀಕ್ಷೆಯ ವೆಚ್ಚ ಭಾರವೆನ್ನಲಾಗದು. ಗೆದ್ದ ಕಂಪನಿಯಿಂದ ಅದನ್ನು ವಸೂಲಿ ಮಾಡುವ ದಾರಿಯೂ ಇದೆ.

ಮೂರನೆಯ ಆಕ್ಷೇಪಕ್ಕೆ ನೈತಿಕ ತೂಕವಿದೆ. ಕಲ್ಲಿದ್ದಲಿನ ಹೊಗೆಯೇ ದೊಡ್ಡ ಪರಿಸರ ಹಾನಿಯಾಗಿರುವಾಗ, ಶುದ್ಧ ವಿದ್ಯುತ್ತಿಗೆ ಹಕ್ಕಿ-ಮೀನಿನ ಹೆಸರಿನಲ್ಲಿ ತಡೆ ಹಾಕುವುದು ಸರಿಯೇ? ಹವಾಮಾನ ಬದಲಾವಣೆಯ ಮೊದಲ ಪೆಟ್ಟು ಬೀಳುವುದೂ ಅದೇ ಕಡಲಿಗೆ, ಅದೇ ಮೀನುಗಾರರಿಗೆ. ಹಾಗಾಗಿ ಗಾಳಿಯಂತ್ರ ಬೇಕೇ ಬೇಡವೇ ಎಂಬುದು ಇಲ್ಲಿನ ಪ್ರಶ್ನೆಯೇ ಅಲ್ಲ. ಎಲ್ಲಿ, ಹೇಗೆ ಎಂಬುದಷ್ಟೇ. ನೆಲದ ಮೇಲೆ ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋದದ್ದರ ಫಲವನ್ನು ರಾಜಸ್ಥಾನ, ಗುಜರಾತಿನಲ್ಲಿ ಕಂಡಿದ್ದೇವೆ. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ನೆಲೆಯಲ್ಲಿ ಸೌರ ಮತ್ತು ಪವನ ಸ್ಥಾವರಗಳು ಎದ್ದು, ತಂತಿಗಳು ಹರಡಿದ ಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರಲ್ಲಿ ತಂತಿಗಳನ್ನು ಭೂಮಿಯೊಳಗೆ ಹಾಕಲು ಆದೇಶ ಬಂತು, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಲಾಯಿತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದ ಈ ವ್ಯವಹಾರದಲ್ಲಿ ಹಕ್ಕಿಗೂ ನೆಮ್ಮದಿ ಸಿಗಲಿಲ್ಲ, ಹಣ ಹೂಡಿದವರಿಗೂ ಸಿಗಲಿಲ್ಲ. ಮೊದಲೇ ತಿಳಿದಿದ್ದರೆ ಪರಿಹಾರ ಎಷ್ಟು ಅಗ್ಗವೆಂಬುದಕ್ಕೆ 2023ರ ಮೇ ತಿಂಗಳ ನೆದರ್ಲೆಂಡ್ಸ್ ಸಾಕ್ಷಿ. ವಲಸೆ ಹಕ್ಕಿಗಳ ದಂಡು ಬರುವುದನ್ನು ಮುಂಚಿತವಾಗಿ ಅಂದಾಜಿಸಿ ಅಲ್ಲಿ ಕಡಲ ಯಂತ್ರಗಳನ್ನು ನಾಲ್ಕು ಗಂಟೆ ಬಹುತೇಕ ನಿಲ್ಲಿಸಲಾಯಿತು. ಕಂಬ ಹೂಳುವಾಗ ಏಳುವ ಸದ್ದು 750 ಮೀಟರ್ ದೂರದಲ್ಲಿ 160 ಡೆಸಿಬೆಲ್ ಮೀರಬಾರದೆಂದು ಜರ್ಮನಿ ನಿಯಮ ಮಾಡಿದ್ದರಿಂದ, ಕಂಬದ ಸುತ್ತ ಗಾಳಿಗುಳ್ಳೆಗಳ ಪರದೆ ಎಬ್ಬಿಸಿ ಸದ್ದು ತಗ್ಗಿಸುವ ತಂತ್ರ ಅಲ್ಲಿ ರೂಢಿಗೆ ಬಂತು.

ಮೀನುಗಾರರ ಪ್ರಶ್ನೆಯನ್ನು ಪರಿಹಾರಧನದ ಪ್ರಶ್ನೆಯಾಗಿ ನೋಡುವ ಅಭ್ಯಾಸವನ್ನೂ ಬಿಡಬೇಕು. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಂತೆ ಕಡಲಿನ ಸ್ಥಾವರದ ಸುತ್ತ 500 ಮೀಟರ್‌ವರೆಗೆ ಸುರಕ್ಷತಾ ವಲಯ ಮಾಡಬಹುದು. ಒಂದೊಂದು ಯಂತ್ರಕ್ಕೂ ಅಷ್ಟೂ ವಲಯ ಕೊಟ್ಟು, ಯಂತ್ರಗಳನ್ನು ಕಿಲೋಮೀಟರಿಗೊಂದರಂತೆ ನಿಲ್ಲಿಸಿದರೆ ಆ ವಲಯಗಳು ಒಂದಕ್ಕೊಂದು ತಾಗಿ ದೋಣಿಗೆ ದಾರಿಯೇ ಉಳಿಯುವುದಿಲ್ಲ. ಅಂತರ ಎಷ್ಟಿರಬೇಕು, ಯಾವ ಬಲೆಗೆ ಅವಕಾಶ, ತಂತಿಯನ್ನು ಎಷ್ಟು ಆಳಕ್ಕೆ ಹೂಳಬೇಕು ಎಂಬುದು ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು. ಕರ್ನಾಟಕದ ಕಡಲು ಸದ್ಯಕ್ಕೆ ಈ ವಲಯಗಳಲ್ಲಿಲ್ಲ. ಆದರೆ ಹೊನ್ನಾವರದ ಕಾಸರಕೋಡು ಮತ್ತು ಅಂಕೋಲಾದ ಕೇಣಿಯ ಬಂದರು ಯೋಜನೆಗಳಿಗೆ ಎದ್ದ ವಿರೋಧವನ್ನು ಕಂಡವರಿಗೆ, ನಿರ್ಧಾರ ಮೊದಲಾಗಿ ಅಹವಾಲು ಆಮೇಲಾದರೆ ಎಂಥ ಅಪನಂಬಿಕೆ ಬೆಳೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆಗಬೇಕಾದದ್ದು ಸ್ಪಷ್ಟವಿದೆ. ಕಡಲ ಪವನ ವಿದ್ಯುತ್ತನ್ನು ಪರಿಸರ ಅಧಿಸೂಚನೆಯ ಪಟ್ಟಿಗೆ ಸೇರಿಸಬೇಕು. ಎರಡು ವಲಯ ಸಮೂಹಗಳಿಗೂ ಕನಿಷ್ಠ ಎರಡು ಪೂರ್ಣ ವರ್ಷಗಳ, ಮಳೆಗಾಲವೂ ಸೇರಿದ, ಸಂಚಿತ ಪರಿಣಾಮದ ಅಧ್ಯಯನ ನಡೆಯಬೇಕು. ಅದನ್ನು ಟೆಂಡರ್ ಕರೆಸುವ ನವೀಕರಿಸಬಹುದಾದ ಇಂಧನ ಸಚಿವಾಲಯದ ಕೈಗೆ ಕೊಡಬಾರದು; ಗುರಿ ಮುಟ್ಟಬೇಕಾದವರೇ ಹಾನಿಯನ್ನೂ ಅಳೆದರೆ ಆ ಅಳತೆಯನ್ನು ಯಾರೂ ನಂಬುವುದಿಲ್ಲ. ದಶಕಗಳಿಂದ ಮೀನಿನ ಲೆಕ್ಕ ಇಟ್ಟಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮಲ್ಲಿದೆ. ನಾರ್ವೆಯ ಸಹಕಾರದಿಂದ ಪುದುಚೇರಿ ಮತ್ತು ಲಕ್ಷದ್ವೀಪದಲ್ಲಿ ಕಡಲ ಬಳಕೆಯ ನಕ್ಷೆ ತಯಾರಿಸುವ ಪ್ರಯೋಗ ನಡೆಸಿರುವ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವಿದೆ. ಪರಿಸರ ಸಚಿವಾಲಯದ ಉಸ್ತುವಾರಿಯಲ್ಲಿ ಇವರು ಕೆಲಸ ಮಾಡಲಿ. ರಕ್ಷಣೆ ಮತ್ತು ಬಾಹ್ಯಾಕಾಶ ಇಲಾಖೆಗಳು ತಮ್ಮ ಆಕ್ಷೇಪಗಳನ್ನು ಅದೇ ಹಂತದಲ್ಲಿ ಹೇಳಿ ಮುಗಿಸಲಿ. ವರದಿ ತಮಿಳು, ಗುಜರಾತಿ ಭಾಷೆಗಳಲ್ಲಿ ಪ್ರಕಟವಾಗಿ, ದೋಣಿಗಳು ದಡದಲ್ಲಿರುವ ಮೀನುಗಾರಿಕೆ ನಿಷೇಧದ ದಿನಗಳಲ್ಲೇ ಅಹವಾಲು ಸಭೆ ನಡೆಯಲಿ. ಅಷ್ಟಾದ ಮೇಲೂ ಕೆಲವು ವಲಯಗಳನ್ನು ಕೈಬಿಡಬೇಕಾಗಬಹುದು. ಅದು ಟೆಂಡರ್ ಕರೆದು ರದ್ದು ಮಾಡುವುದಕ್ಕಿಂತ ಅಗ್ಗ, ಕೋರ್ಟಿನಲ್ಲಿ ಕೈಬಿಡುವುದಕ್ಕಿಂತ ಗೌರವದ ದಾರಿ. ಮುಂದಿನ ಟೆಂಡರ್‌ನ ದಿನಾಂಕವನ್ನು ಸರ್ಕಾರ ಪ್ರಕಟಿಸುವ ಮೊದಲು ಈ ಅಧ್ಯಯನದ ದಿನಾಂಕವನ್ನು ಪ್ರಕಟಿಸಬೇಕು.