ಟವರ್ ಓಡಿಸಿದರೆ ತರಂಗ ಓಡುವುದಿಲ್ಲ

ಊರೊಳಗೆ ಮೊಬೈಲ್ ಟವರ್ ಏಳುತ್ತದೆ ಎಂದರೆ ಸಾಕು, ಕ್ಯಾನ್ಸರ್ ಬರುತ್ತದಂತೆ, ಗುಬ್ಬಚ್ಚಿ ಉಳಿಯುವುದಿಲ್ಲವಂತೆ ಎಂಬ ಮಾತು ಹಬ್ಬುತ್ತದೆ. ಹೆತ್ತವರ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಟವರನ್ನೇ ಬೇಡವೆಂದರೆ ಮಕ್ಕಳ ಮೈಗೆ ತಾಗುವ ತರಂಗ ಕಡಿಮೆಯಾಗುವುದಿಲ್ಲ, ಹೆಚ್ಚಾಗಬಹುದು.

ಮೇಲುಕೋಟೆ ಬೆಟ್ಟದ ಮರೆಯಲ್ಲೋ ನಾರಾಯಣದುರ್ಗದ ಬಂಡೆಯ ಹಿಂದೆಯೋ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗ ಜನ ಜಗಲಿಗೆ ಬಂದು, ಫೋನನ್ನು ಕಿವಿಗೆ ಒತ್ತಿಕೊಂಡು ಕೂಗಿ ಮಾತಾಡುತ್ತಾರೆ. ಫೋನೂ ಆಗ ದೂರದ ಟವರನ್ನು ಮುಟ್ಟಲು ತನ್ನ ಶಕ್ತಿಯನ್ನೆಲ್ಲ ಹಾಕುತ್ತಿರುತ್ತದೆ. 2ಜಿ ಫೋನು 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೆ ಏರಬಲ್ಲದು. ಟವರ್ ಹತ್ತಿರವಿದ್ದರೆ ಅದೇ ಫೋನಿಗೆ ಕೆಲವು ಮಿಲಿವ್ಯಾಟ್ ಸಾಕು. ಟವರಿನ ತರಂಗವಾದರೋ ದೂರ ಎರಡು ಪಟ್ಟಾದರೆ ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ತಲೆಗೆ ಹೆಚ್ಚು ತಾಗುವುದು ಕಿವಿಗೆ ಅಂಟಿದ ಫೋನಿನದೇ.

ಕ್ಯಾನ್ಸರಿನ ಮಾತು ಬಂದಾಗ ಎಲ್ಲರೂ 2011ನ್ನು ನೆನೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಆ ವರ್ಷ ಈ ತರಂಗಗಳನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು' ಎಂಬ 2ಬಿ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಈಗ ಅದೇ ಗುಂಪಿನಲ್ಲಿದೆ. 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಿಶೀಲನೆ 63 ಅಧ್ಯಯನಗಳನ್ನು ಜಾಲಾಡಿ, ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣುವುದಿಲ್ಲ ಎಂದಿತು. ಇದನ್ನು ಹಳ್ಳಿಗೆ ತಲುಪಿಸಿದವರು ಯಾರು? ಕಂಪನಿಗಳಿಗೆ ಬಾಡಿಗೆ ಕರಾರು ಮುಗಿದರೆ ಸಾಕು, ಅಧಿಕಾರಿಗಳಿಗೆ ಕಡತ ಮುಗಿದರೆ ಸಾಕು. ಊರವರನ್ನು ಕೂರಿಸಿಕೊಂಡು ವಿವರಿಸುವ ವ್ಯವಧಾನ ಇಬ್ಬರಿಗೂ ಇಲ್ಲ. ವದಂತಿ ಬೆಳೆಯುವುದು ಅಲ್ಲೇ.

ಜಗಳ ಆಡಬೇಕಾದ ವಿಷಯ ಬೇಕಾದಷ್ಟಿವೆ. ಶಿಥಿಲ ಮಾಳಿಗೆಯ ಮೇಲೆ ಟವರ್ ನಿಲ್ಲಿಸಿದರೆ, ರಾತ್ರಿಯಿಡೀ ಡೀಸೆಲ್ ಜನರೇಟರ್ ಹೊಗೆ ಉಗುಳಿದರೆ, ಪಂಚಾಯಿತಿಗೆ ತಿಳಿಸದೆ ಗುಂಡಿ ತೋಡಿದರೆ ಬಿಡಬೇಡಿ. ಅಳತೆಯನ್ನೂ ಕೇಳಿ. ಟವರುಗಳ ತರಂಗಕ್ಕೆ ಭಾರತ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲನ್ನೇ ಮಿತಿಯಾಗಿ ಇಟ್ಟಿತು: 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ಫೋನುಗಳಿಗೆ ಮಿತಿ, ಮೈ ಹೀರುವ ಲೆಕ್ಕದಲ್ಲಿ, ಕಿಲೋಗೆ 1.6 ವ್ಯಾಟ್; ನಿಮ್ಮ ಫೋನಿನದು ಎಷ್ಟೆಂದು *#07# ಒತ್ತಿದರೆ ಬಹುತೇಕ ಫೋನುಗಳಲ್ಲಿ ಕಾಣುತ್ತದೆ. ಸಿಗ್ನಲ್ ಕುಂದಿದ ಕಡೆ ಸ್ಪೀಕರಿನಲ್ಲೋ ಇಯರ್‌ಫೋನಿನಲ್ಲೋ ಮಾತಾಡಿ.

ದೂರಸಂಪರ್ಕ ಇಲಾಖೆ 2017ರಲ್ಲಿ 'ತರಂಗ ಸಂಚಾರ' ಪೋರ್ಟಲ್ ತೆರೆದಾಗ, 4,000 ರೂಪಾಯಿ ಕಟ್ಟಿದರೆ ಟವರಿನ ತರಂಗ ಅಳೆದು ಕೊಡುವ ಏರ್ಪಾಡು ಮಾಡಿತು. ಅನುಮಾನವಿರುವ ಊರಲ್ಲಿ ಆ ಶುಲ್ಕವನ್ನು ಗ್ರಾಮ ಪಂಚಾಯಿತಿಯೇ ಕಟ್ಟಲಿ. ಬಂದ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿ, ಕಚೇರಿಯ ಗೋಡೆಗೆ ಅಂಟಿಸಲಿ. ಮಿತಿ ಮೀರಿದ್ದರೆ ಟವರ್ ತೆಗೆಸಲು ನಾನೂ ಸಹಿ ಹಾಕುತ್ತೇನೆ. ಮೀರಿಲ್ಲದಿದ್ದರೆ ಟವರ್ ಬೇಡವೆಂಬ ಮನವಿಯನ್ನು ಹಿಂದಕ್ಕೆ ಪಡೆಯಿರಿ.