ಬೀಗ ಹಾಕಿದ ಮನೆ, ಮದ್ದು ಕಾಣದ ತೋಟ

ಜುಲೈ ಬಂತೆಂದರೆ ಡೊಂಬಿವಲಿ, ಕಲ್ಯಾಣ, ಠಾಣೆಯ ಹೌಸಿಂಗ್ ಸೊಸೈಟಿಗಳ ನೋಟಿಸ್ ಬೋರ್ಡಿನಲ್ಲಿ ಒಂದೇ ಬಗೆಯ ಚೀಟಿ ಅಂಟಿರುತ್ತದೆ: ಹೂಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಟಾಕಿಗೆ ಮುಚ್ಚಳ ಹಾಕಿ, ಹಳೆಯ ಟೈರು ಡಬ್ಬಗಳನ್ನು ತೆಗೆಯಿರಿ. ಕಟ್ಟಡದಲ್ಲಿ ಒಬ್ಬರಿಗೆ ಡೆಂಗ್ಯೂ ಎಂದು ಗೊತ್ತಾದರೆ ಸಾಕು, ಎಲ್ಲರ ಕಣ್ಣೂ ಬೀಗ ಹಾಕಿದ ಆ ಒಂದು ಫ್ಲ್ಯಾಟಿನ ಕಡೆ ತಿರುಗುತ್ತದೆ. ಮಾಲೀಕರು ದುಬೈಯಲ್ಲೋ ಪುಣೆಯಲ್ಲೋ ಇರುತ್ತಾರೆ. ಅವರ ಬಾಲ್ಕನಿಯಲ್ಲಿ ಮಳೆನೀರು ತುಂಬಿದ ಬಕೆಟ್ಟು ಎದುರಿನ ಕಟ್ಟಡದವರಿಗೂ ಕಾಣುತ್ತಿರುತ್ತದೆ. ಸೊಸೈಟಿ ಮೀಟಿಂಗಿನಲ್ಲಿ ಯಾರಾದರೂ ದನಿ ಏರಿಸಿ ಕೇಳುತ್ತಾರೆ: ಮನೆ ಅವರದ್ದೇ ಇರಬಹುದು, ಅಲ್ಲಿ ಹುಟ್ಟಿದ ಸೊಳ್ಳೆ ಅವರೊಬ್ಬರದ್ದೇ?

ಪ್ರಶ್ನೆ ನ್ಯಾಯವಾದದ್ದೇ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ವಾರ ಹತ್ತು ದಿನದೊಳಗೆ ಮರಿಗಳು ರೆಕ್ಕೆ ಬಲಿತು ಹಾರುತ್ತವೆ. ಅದು ಬಹುದೂರ ಹೋಗುವ ಸೊಳ್ಳೆಯೂ ಅಲ್ಲ. ಹುಟ್ಟಿದ ಜಾಗದ ಸುತ್ತಮುತ್ತಲಿನ ಮನೆಗಳೇ ಅದರ ಊರು. ಹಾಗಾಗಿ ಬೀಗ ಹಾಕಿದ ಮನೆಯ ನಿರ್ಲಕ್ಷ್ಯದ ಬೆಲೆಯನ್ನು ತೆರುವವರು ಪಕ್ಕದ ಮನೆಯವರು.

ಇದೇ ಮೀಟಿಂಗ್ ಮುಗಿಸಿ ಮನೆಗೆ ಬಂದ ಸುಳ್ಯ, ಪುತ್ತೂರು, ಶೃಂಗೇರಿ, ಶಿರಸಿ ಕಡೆಯ ಕನ್ನಡಿಗರಿಗೆ ಊರಿನಿಂದ ಒಂದು ಫೋನು ಬರುವುದೂ ಇದೇ ತಿಂಗಳಲ್ಲಿ. "ಮಳೆ ಬಿಡುವ ಲಕ್ಷಣ ಇಲ್ಲ ಮಾರಾಯ. ಕೊಳೆ ಶುರುವಾಗಿದೆ. ನಿನ್ನ ಪಾಲಿನ ತೋಟಕ್ಕೆ ಈ ಸಲವೂ ಮದ್ದು ಬಿಟ್ಟಿಲ್ಲ." ಈ ಕಡೆಯಿಂದ ಉತ್ತರವೂ ಸಿದ್ಧವಾಗಿರುತ್ತದೆ: "ಜನ ಸಿಗುವುದಿಲ್ಲ ಅಂತ ನೀನೇ ಹೇಳ್ತಿ ಅಣ್ಣ, ಇಲ್ಲಿ ಕೂತು ನಾನೇನು ಮಾಡ್ಲಿ? ಈ ವರ್ಷದ ಫಸಲು ಹೋದರೆ ಹೋಗಲಿ."

ಹೋಗುವುದು ತನ್ನ ಫಸಲು ಮಾತ್ರ ಎಂದು ಹೀಗೆ ಹೇಳುವವರು ನಂಬಿರುತ್ತಾರೆ. ತಪ್ಪಿರುವುದು ಅಲ್ಲೇ.

ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟೋಫ್ತೋರಾ ಎಂಬ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದಂತೆ ಇದ್ದರೂ ವಂಶದಲ್ಲಿ ಅದು ಕಡಲಪಾಚಿಗೆ ಹತ್ತಿರ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ನಾಶಮಾಡಿ, ನಂತರದ ವರ್ಷಗಳಲ್ಲಿ ಸುಮಾರು 10 ಲಕ್ಷ ಜನರ ಸಾವಿಗೆ ದಾರಿಮಾಡಿದ್ದು ಇದರದೇ ದಾಯಾದಿ. ಇದರ ಕಣಗಳಿಗೆ ಬಾಲವಿದೆ, ನೀರಿನ ತೆಳುಪದರದಲ್ಲಿ ಅವು ಈಜುತ್ತವೆ. ಎಡೆಬಿಡದ ಮಳೆ ಮತ್ತು ಗಾಳಿ ಅವನ್ನು ಒಂದು ಗೊನೆಯಿಂದ ಇನ್ನೊಂದಕ್ಕೆ, ಒಂದು ತೋಟದಿಂದ ಪಕ್ಕದ ತೋಟಕ್ಕೆ ದಾಟಿಸುತ್ತವೆ. ಕೊಳೆತ ಗೊನೆ ಮರದಲ್ಲೇ ಒಣಗಿ ಉಳಿದರೆ ಮುಂದಿನ ಮಳೆಗಾಲದ ರೋಗಕ್ಕೆ ಅದೇ ಬೀಜ. ಮಧ್ಯೆ ಇರುವ ಬೇಲಿ ದನಕ್ಕೆ ಅಡ್ಡವಾಗಬಹುದು, ಇದಕ್ಕಲ್ಲ.

ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೈತರ ಕೈಯಲ್ಲಿ ಆಗ ಇದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮಾಡುವುದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಮೈಲುತುತ್ತು ಮತ್ತು ಸುಣ್ಣದ ದ್ರಾವಣವನ್ನು ಕೋಲ್ಮನ್ ಅಡಿಕೆಗೂ ಹೊಂದಿಸಿದರು. 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು, ಸುಣ್ಣ: ಇಂದಿಗೂ ಬಳಕೆಯಲ್ಲಿರುವ ಮದ್ದು ಇದೇ. ಆದರೆ ಇದು ಬಂದ ರೋಗವನ್ನು ವಾಸಿಮಾಡುವ ಮದ್ದಲ್ಲ. ಕಾಯಿಯ ಮೈಮೇಲೆ ತಾಮ್ರದ ಪದರವಾಗಿ ಕೂತು, ಒಳಗೆ ಇಳಿಯಲು ಬಂದ ಕಣವನ್ನು ಹೊರಗೇ ಕೊಲ್ಲುತ್ತದೆ. ಹಾಗಾಗಿ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ಆಗಬೇಕು, ಎರಡನೆಯದು 40–45 ದಿನಗಳ ನಂತರ.

ಹೊರಗಿನ ಈ ಕಾವಲು ಗಿಡಕ್ಕೇಕೆ ಬೇಕು? ಗಿಡಕ್ಕೂ ತನ್ನದೇ ರಕ್ಷಣೆಯಿದೆ, ಆದರೆ ಅದರ ರೀತಿ ಬೇರೆ. ಮನುಷ್ಯನ ರಕ್ತದಲ್ಲಿ ಕಾವಲಿನ ಕೋಶಗಳು ಮೈಯೆಲ್ಲ ಸುತ್ತುತ್ತವೆ. ಒಮ್ಮೆ ಕಂಡ ವೈರಿಯ ಗುರುತನ್ನು ಕೆಲವು ಕೋಶಗಳು ವರ್ಷಗಟ್ಟಲೆ ನೆನಪಿಡುತ್ತವೆ. ಲಸಿಕೆ ಕೆಲಸ ಮಾಡುವುದು ಆ ನೆನಪಿನ ಮೇಲೆ. ಗಿಡದಲ್ಲಿ ಓಡಾಡುವ ಕಾವಲುಗಾರರಿಲ್ಲ. ಪ್ರತಿಯೊಂದು ಕೋಶವೂ ತನ್ನ ಬಾಗಿಲನ್ನು ತಾನೇ ಕಾಯಬೇಕು. ವೈರಿ ಒಳನುಗ್ಗಿದ್ದನ್ನು ಗುರುತಿಸಿದ ಕೋಶಗಳು ಎಷ್ಟೋ ಸಲ ತಾವೇ ಸತ್ತು, ಸುತ್ತಲಿನ ಕೋಶಗಳಿಗೆ ರೋಗ ದಾಟದಂತೆ ತಡೆಯುತ್ತವೆ. ತಂಬಾಕಿನ ಕೆಳಗಿನ ಎಲೆಗೆ ವೈರಸ್ ತಗುಲಿಸಿದರೆ, ಆಮೇಲೆ ಅದೇ ವೈರಸ್ ಮೇಲಿನ ಎಲೆಗಳಿಗೆ ಸೋಕಿದಾಗ ಅವು ಹೆಚ್ಚು ಚೆನ್ನಾಗಿ ತಡೆದುಕೊಳ್ಳುವುದನ್ನು 1961ರಲ್ಲಿ ಫ್ರ್ಯಾಂಕ್ ರಾಸ್ ತೋರಿಸಿದರು. ಒಂದು ಎಲೆಯ ಕಷ್ಟ ಇನ್ನೊಂದಕ್ಕೆ ಎಚ್ಚರಿಕೆಯಾಗಿ ತಲುಪುತ್ತದೆ. ಇಷ್ಟಿದ್ದರೂ ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ, ಸುತ್ತಲಿನ ಮರಗಳೆಲ್ಲ ಕೊಳೆತಿರುವಾಗ, ಒಂದು ಮರ ತಾನೊಂದೇ ನಿಭಾಯಿಸಲಾರದು.

ಮನುಷ್ಯರ ಪಾಡೂ ಬೇರೆಯಲ್ಲ. ಅದನ್ನು ಮರೆಸುವುದರಲ್ಲಿ "ರೋಗನಿರೋಧಕ ಶಕ್ತಿ" ಎಂಬ ಪದದ ಪಾತ್ರವೂ ಇದೆ. ಕೊನೆಯಲ್ಲಿರುವ "ಶಕ್ತಿ" ಅದನ್ನು ತೋಳಬಲದಂತೆ ಕೇಳಿಸುತ್ತದೆ: ಕಷಾಯ ಕುಡಿದರೆ ಹೆಚ್ಚುವ, ಒಬ್ಬೊಬ್ಬರೂ ತಮ್ಮತಮ್ಮ ಡಬ್ಬಿಯಲ್ಲಿ ಕೂಡಿಡಬಹುದಾದ ಸ್ವಂತ ಆಸ್ತಿಯಂತೆ. ಡೆಂಗ್ಯೂ ಈ ಲೆಕ್ಕವನ್ನು ಸುಳ್ಳುಮಾಡುತ್ತದೆ. ಅದರ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆಯ ವಿರುದ್ಧ ಮೈ ಕಟ್ಟಿಕೊಂಡ ಪ್ರತಿಕಾಯಗಳು ಮುಂದೆ ಇನ್ನೊಂದು ಬಗೆ ತಗುಲಿದಾಗ ರೋಗವನ್ನು ಉಲ್ಬಣಿಸಲೂಬಹುದು. 2020ರ ಮೇ ತಿಂಗಳಲ್ಲಿ ನವಿ ಮುಂಬೈನ ವಾಶಿಯ ಎಪಿಎಂಸಿ ಮಾರುಕಟ್ಟೆಯನ್ನೇ ಕೋವಿಡ್‌ನಿಂದಾಗಿ ಕೆಲವು ದಿನ ಮುಚ್ಚಬೇಕಾಯಿತು. ಅಲ್ಲಿ ಮೂಟೆ ಹೊರುವವರ ಮೈಯಲ್ಲಿ ಶಕ್ತಿಗೆ ಕೊರತೆಯಿರಲಿಲ್ಲ.

ಕನ್ನಡದ ಹಳೆಯ ಮಾತು "ಅಂಟುರೋಗ" ಇದಕ್ಕಿಂತ ಹೆಚ್ಚು ನಿಜ ಹೇಳುತ್ತದೆ. ಅಂಟಲು ಇಬ್ಬರು ಬೇಕು. ಒಬ್ಬರ ರಕ್ಷಣೆ ಇನ್ನೊಬ್ಬರ ನಡವಳಿಕೆಯಲ್ಲಿದೆ ಎಂಬುದು ಆ ಪದದೊಳಗೇ ಇದೆ. ಕರಾವಳಿ, ಮಲೆನಾಡಿನ ಜನ ಮನುಷ್ಯರಿಗೆ ಕೊಡುವುದನ್ನೂ ಮರಕ್ಕೆ ಬಿಡುವುದನ್ನೂ ಮದ್ದು ಎಂದೇ ಕರೆಯುತ್ತಾರೆ. ಅವೆರಡನ್ನೂ ಬೇರೆಬೇರೆ ನೀತಿಗೆ ಒಳಪಡಿಸಲು ಕಾರಣವಿಲ್ಲ.

ದೂರದಲ್ಲಿರುವ ಮಾಲೀಕರ ಕಷ್ಟ ಸುಳ್ಳಲ್ಲ. ಮರ ಹತ್ತುವ ಕೊನೆಗೌಡರು ಕಡಿಮೆಯಾಗಿದ್ದಾರೆ. ಜಾರುವ ಮರದ ಮೇಲೆ ಜೀವ ಒತ್ತೆಯಿಡುವ ಆ ಕೆಲಸಕ್ಕೆ ಅವರ ಮಕ್ಕಳು ಬರದಿರುವುದು ಸರಿಯೇ. ತೋಟವನ್ನು ಬೇರೆಯವರಿಗೆ ವಹಿಸಲೂ ಅಂಜಿಕೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸಿತು. ಬಹುಕಾಲದ ಅನ್ಯಾಯವೊಂದು ಸರಿಯಾಯಿತು. ಆದರೆ ಜಮೀನನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಹೋಯಿತೆಂಬ ಭಯ ಹಲವು ಮನೆಗಳಲ್ಲಿ ಉಳಿದುಕೊಂಡಿತು. ಮದ್ದು ಬಿಟ್ಟ ಮಾತ್ರಕ್ಕೆ ಎಲ್ಲವೂ ಉಳಿಯುತ್ತದೆ ಎಂದೂ ಇಲ್ಲ. ಮಳೆ ಮಿತಿಮೀರಿದ ವರ್ಷ ಮೂರು ಸಲ ಸಿಂಪಡಿಸಿದ ತೋಟವೂ ಕೊಳೆಯಬಹುದು. ಹಳದಿ ಎಲೆ ರೋಗಕ್ಕಂತೂ ವಾಸಿಮಾಡುವ ಮದ್ದೇ ಇಲ್ಲ.

ಈ ಯಾವ ಕಾರಣವೂ "ಹೋದರೆ ಹೋಗಲಿ" ಎನ್ನುವ ಹಕ್ಕನ್ನು ಕೊಡುವುದಿಲ್ಲ. ದುಬೈಯ ಫ್ಲ್ಯಾಟ್ ಮಾಲೀಕರ ಬಳಿಯೂ ಇಂಥವೇ ಕಾರಣಗಳಿವೆ. ಡೊಂಬಿವಲಿಯ ಮೀಟಿಂಗ್ ಅವನ್ನು ಒಪ್ಪುವುದಿಲ್ಲ. ಅಲ್ಲಿ ಕೇಳುವುದು ಹೆಚ್ಚೇನಲ್ಲ: ಬೀಗದ ಕೈ ಯಾರಲ್ಲಾದರೂ ಇರಲಿ, ಖರ್ಚಿನ ಪಾಲು ಬರಲಿ. ಊರಿನ ತೋಟಕ್ಕೂ ಬೇಕಾದದ್ದು ಅಷ್ಟೇ. ಗೇಣಿಗೆ ಕೊಡಬೇಕಾಗಿಲ್ಲ. ಅಕ್ಕಪಕ್ಕದ ನಾಲ್ಕು ತೋಟದವರು ಒಟ್ಟಿಗೆ ಮದ್ದು ಬಿಡಿಸುವಾಗ ತನ್ನ ಮರಗಳಿಗೂ ಬಿಡಿಸಿ ಎಂದು ಹೇಳಿ ಹಣ ಕಳಿಸಿದರೆ ಸಾಕು. ನೆಲದ ಮೇಲೆ ನಿಂತೇ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಅವನ್ನು ಕೊಳ್ಳಲು ಊರಿನವರು ಕೂಡಿಸುವ ಹಣಕ್ಕೆ ಮುಂಬೈ ಕಡೆಯ ಪಾಲೂ ಸೇರಬಹುದು. ಫಸಲೇ ಬೇಡವೆನ್ನುವವರು ಕೊಳೆತ ಗೊನೆಗಳನ್ನಾದರೂ ತೆಗೆಸಿ ಹಾಕಬಹುದು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಯಕ್ಷಗಾನದ ಆಟಕ್ಕೆ ಈ ಕಡೆಯಿಂದ ಹಣ ಹೋಗುವ ರೂಢಿ ಇದ್ದೇ ಇದೆ. ಅದೇ ಪಟ್ಟಿಗೆ ಇದೊಂದು ಬಾಬತ್ತು ಸೇರಬೇಕು.

ಜುಲೈಯಲ್ಲಿ ಬರುವ ಫೋನು ದೂರಿನ ಫೋನು. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಫೋನು ಹೋಗಬೇಕಾದದ್ದು ಮೇ ತಿಂಗಳಲ್ಲಿ, ಡೊಂಬಿವಲಿಯಿಂದ ಊರಿಗೆ. ಅಣ್ಣ ಕೇಳುವ ಮೊದಲೇ.